ವೈನಿಯ ಮೈನೋವಿಗೆ ಮನೆಮಂದಿಗೆಲ್ಲ ಗುಳಿಗೆ

ಸರ್ಕಾರಿ ದವಾಖಾನೆಯ ವೈದ್ಯಾಧಿಕಾರಿಗಳೇ,

ನೀವು ನಮ್ಮ ವೈನಿಯ ಮೈನೋವನ್ನು ಮುಟ್ಟಿ ನೋಡದೆಯೇ ಸುಳ್ಳು ಎಂದಿರಿ. ಇದು ಅನ್ಯಾಯ. ಊರೆಲ್ಲ ಓದಲೆಂದು ಈ ಪತ್ರವನ್ನು ಬಸ್ ನಿಲ್ದಾಣದ ಗೋಡೆಗೂ ಅಂಟಿಸುತ್ತಿದ್ದೇನೆ.

ವೈನಿ ಎಂದರೆ ನನ್ನ ಅಣ್ಣ ಅಪ್ಪಾಸಾಬನ ಹೆಂಡತಿ ಸುಂದರವ್ವ. ವರ್ಷದಿಂದ ಆಕೆಗೆ ಹೆಗಲು, ಸೊಂಟ, ಮೊಣಕೈ ಎಲ್ಲವೂ ನೋವು. ಮಲಗಿ ಎದ್ದರೂ ದಣಿವು. ಊತವಿಲ್ಲ, ಜ್ವರವಿಲ್ಲ, ಆದ್ದರಿಂದ ನಿಮ್ಮ ಪಾಲಿಗೆ ರೋಗವೂ ಇಲ್ಲ. ಮೊದಲ ಸಲ ಬಿ-ಕಾಂಪ್ಲೆಕ್ಸ್ ಗುಳಿಗೆಗಳ ಪೊಟ್ಟಣ ಕೊಟ್ಟು, "ಶಕ್ತಿ ಬರ್ತದ. ಹಾಲು, ತತ್ತಿ, ಸೇಬು ತಿನ್ನು" ಎಂದು ಅಪ್ಪಣೆ ಮಾಡಿದಿರಿ. ಸೇಬು! ಮಾನ್ಯರೇ, ಸೇಬನ್ನು ನಾವೂ ಕಂಡಿದ್ದೇವೆ, ಕ್ಯಾಲೆಂಡರಿನಲ್ಲಿ.

ಉಳಿದದ್ದು ಗುಳಿಗೆ. ನಮ್ಮ ಮನೆಯಲ್ಲಿ ಶಕ್ತಿ ಬರುವಂಥದ್ದನ್ನು ಸೊಸೆ ಒಬ್ಬಳೇ ತಿನ್ನುವ ಪದ್ಧತಿ ಇಲ್ಲ. ನಮ್ಮವ್ವ ಶೆಟ್ಟೆವ್ವ ಪೊಟ್ಟಣ ಬಿಚ್ಚಿ, ಬೆಲ್ಲ ಹಂಚಿದಂತೆ ಹಂಚಿದಳು. ತಾನೊಂದು ನುಂಗಿದಳು, ವೈನಿಗೊಂದು, ಆಕೆಯ ನೆಗೆಣ್ಣಿಯರಿಗೆ, ಬೆಂಕಿ ಕೇಳಲು ಬಂದ ನೆರೆಮನೆಯಾಕೆಗೆ, ಕಡೆಗೆ ನನಗೂ ಕೊಟ್ಟಳು. ಅವ್ವ ಕೊಟ್ಟ ಪಾಲನ್ನು ಬೇಡ ಎನ್ನುವ ಧೈರ್ಯ ಯಾರಿಗಿದೆ?

ಮರುದಿನ ಎಲ್ಲರ ಮೂತ್ರವೂ ಚೆಂಡುಹೂವಿನ ಬಣ್ಣ!

"ಅಯ್ಯ ನಮ್ಮವ್ವ, ಇಡೀ ಮನಿಗೇ ಕಾಮಣಿ ಬಡದೈತಿ!" ಎಂದು ಅವ್ವ ಚೀರಿದಳು.

"ನಿಮಗೂ ಆಗೇತೇನ್ರಿ ಅತ್ತಿ?" ಎಂದು ವೈನಿ ನೋವಿನಲ್ಲೂ ನಕ್ಕಳು. "ಪಾಲು ಬರೋಬ್ಬರಿ ಹಂಚೀರಿ ಬಿಡ್ರಿ!"

ಕಾಮಾಲೆಗೆ ಎಲೆಮದ್ದು ಕೊಡುವ ಕಾಳಪ್ಪ ಬಂದ. ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಮಜ್ಜಿಗೆ ಅನ್ನ ಎಂದು ಪಥ್ಯ ಹಾಕಿದ. ಶೇಂಗಾ ಹಿಂಡಿ, ತೊಗರಿ ಬೇಳೆ, ಮೆಂತ್ಯದ ಪಲ್ಯ, ವೈನಿಗೆ ದಕ್ಕುತ್ತಿದ್ದ ಸತ್ವವೆಲ್ಲ ಬಂದ್. ಬಣ್ಣ ಗುಳಿಗೆಯದು, ಕಾಮಾಲೆಯದಲ್ಲ ಎಂದು ದೇವರ ಹಿಪ್ಪರಗಿ ಸಂತೆಯಲ್ಲಿ ಕೊಂಡ ಆರೋಗ್ಯದ ಕಿರುಪುಸ್ತಕ ಓದಿ ನಾನು ಸಾರುವಷ್ಟರಲ್ಲಿ ಆಕೆ ಗೋಡೆ ಹಿಡಿದು ನಡೆಯುತ್ತಿದ್ದಳು.

ಮತ್ತೆ ನಿಮ್ಮಲ್ಲಿಗೆ ಬಂದಾಗ ಅಣ್ಣನೆದುರಿಗೇ ಏನೆಂದಿರಿ? "ಗುಳಿಗಿ ತಿಂದೂ ಗುಣ ಇಲ್ಲಂದ್ರ ಇದು ಕೆಲಸಗಳ್ಳತನ." ಒಂದು ಗುಳಿಗೆ ತಿಂದವಳಿಗೆ ಇಡೀ ಪೊಟ್ಟಣದ ತೀರ್ಪೇ? ಅಣ್ಣ ಅದನ್ನೇ ನಂಬಿದ್ದಾನೆ. "ಸಾಹೇಬ್ರ ಅಂದಾರ. ಸೋಗು ಮುಗಿದ ಮ್ಯಾಲ ಬಾ" ಎಂದು ಬರುವ ಭಾನುವಾರ ಆಕೆಯನ್ನು ಮುದ್ದೇಬಿಹಾಳದ ತವರಿಗೆ ಬಿಟ್ಟು ಬರಲು ಹೊರಟಿದ್ದಾನೆ. ನನ್ನ ಕಿರುಪುಸ್ತಕ ಅವನ ಮುಂದೆ ನಡೆಯದು. ನಿಮ್ಮ ಒಂದು ಮಾತು ನಡೆಯುತ್ತದೆ.

ಇಂಥ ನೋವಿಗೆ ಆ ಪುಸ್ತಕದಲ್ಲಿ ಫೈಬ್ರೊಸೈಟಿಸ್ ಎಂಬ ಹೆಸರಿದೆ. ವೈನಿಗಿರುವುದು ಅದೇ ಎನ್ನಲು ನಾನು ಡಾಕ್ಟರನಲ್ಲ. ಗುಳಿಗೆ, ಸೊಪ್ಪು ತಿಂದರೆ ವಾಸಿಯಾದೀತೆಂಬ ಭರವಸೆಯೂ ಅದರಲ್ಲಿಲ್ಲ. ಆದರೆ ಪುಸ್ತಕದಲ್ಲಿ ಹೆಸರಿರುವ ನೋವನ್ನು ನೋಡದೆಯೇ ಸೋಗೆಂದು ಹೇಗೆ ಅಂದಿರಿ?

ಆಕೆಯನ್ನು ಸರಿಯಾಗಿ ಪರೀಕ್ಷಿಸಿ. ನಮ್ಮ ಹೊಲದಲ್ಲಿ ಬೆಳೆಯುವುದರಲ್ಲಿ ಏನು ತಿನ್ನಬೇಕು ಎಂದು ಹೇಳಿ; ಗುಳಿಗೆ ಬೇಕಿದ್ದರೆ ಅದು ಸೊಸೆಯೊಬ್ಬಳದೇ ಎಂದು ಅವ್ವನ ಕಿವಿಗೆ ಬೀಳುವಂತೆ ಹೇಳಿ. ಕೆಲಸಗಳ್ಳತನವೆಂಬ ಮಾತನ್ನು ಆಡಿದ ಜಾಗದಲ್ಲೇ, ಅಣ್ಣನೆದುರಿಗೇ, ಹಿಂದಕ್ಕೆ ತೆಗೆದುಕೊಳ್ಳಿ. ಮನೆಮಂದಿಯನ್ನೆಲ್ಲ ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತೇನೆ: ಆ ಭಾನುವಾರದ ಹಿಂದಿನ ದಿನ, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ನಿಮ್ಮ ದವಾಖಾನೆಯ ಬಾಗಿಲಲ್ಲಿ.

ಇಂತಿ,
ವಿಧೇಯ ಎಂದು ಬರೆಯಹೋಗಿ ಕೈ ತಡೆದ
ಭೀಮಶ್ಯಾ