ತೊಟ್ಟಿಲ ಜೊತೆ ಹೋದ ಆಡು

ಗುಡೂರು
೧೦–೧–೨೦೦೫, ಸೋಮವಾರ

ಪ್ರೀತಿಯ ನಾದಿನಿ ರಮಾಬಾಯಿಗೆ ನಿನ್ನ ವೈನಿ ಸಂಗವ್ವ ಬರೆಯುವುದೇನೆಂದರೆ,

ನಾವೆಲ್ಲ ಹೇಗಿದ್ದೆವೋ ಹಾಗೇ ಇದ್ದೇವೆ. ನಿಮ್ಮಣ್ಣನ ಕೆಮ್ಮು ಚಳಿ ಮುಗಿಯುವವರೆಗೆ ಹೋಗುವುದಿಲ್ಲ. ಅಂಗನವಾಡಿಯ ಮೆಟ್ಟಿಲು ಹತ್ತುವಾಗಲೆಲ್ಲ ನನ್ನ ಮೊಣಕಾಲು ನನ್ನನ್ನು ಬೈಯುತ್ತದೆ. ಸಂಜು ಟೆಂಪೋ ಓಡಿಸಿಕೊಂಡು ಇಳಕಲ್ಲು, ಹುನಗುಂದ ಎಂದು ತಿರುಗುತ್ತಾನೆ, ಮನೆಯಲ್ಲಿ ಸಿಗುವುದು ಊಟದ ಹೊತ್ತಿಗೆ ಮಾತ್ರ. ಇಷ್ಟು ಹೇಳಲು ಪತ್ರ ಬೇಕಿರಲಿಲ್ಲ, ಕಿರಾಣಿ ಅಂಗಡಿಯ ಫೋನು ಸಾಕಿತ್ತು. ಆದರೆ ಅಲ್ಲಿ ಮಾತಾಡಿದರೆ ಬೆಲ್ಲ ಕೊಳ್ಳಲು ಬಂದವರೆಲ್ಲ ಕಿವಿಗೊಟ್ಟು ನಿಲ್ಲುತ್ತಾರೆ. ಇದು ಹಾಗೆ ಹೇಳುವ ಮಾತಲ್ಲ. ಒಬ್ಬಳೇ ಕೂತು ಓದು.

ಎಂಟು ದಿನದ ಹಿಂದೆ ನಿನ್ನ ಮಗಳು ಪ್ರೀತಿ ಬಂದಿದ್ದಳು. ಕಾಲೇಜಿನಿಂದ ನೇರ ಇಲ್ಲಿಗೆ ಬಂದು, ಐಹೊಳೆಗೆ ನಿನ್ನ ಹತ್ತಿರ ಬಾರದೆ, ಸಂಜೆಯ ಬಸ್ಸಿಗೆ ವಾಪಸು ಹೋದಳು. ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ಈ ವಯಸ್ಸಿಗೆ ಒಂದು ಆಣೆ ಹೆಚ್ಚು ಮುರಿದರೆ ಏನಾಗುತ್ತದೆ, ಇದಕ್ಕಿಂತ ದೊಡ್ಡದನ್ನು ಮಾಡಿದವಳು ನಾನು.

ಅವಳು ಎರಡು ವರ್ಷದಿಂದ ಆಡಿನ ತಳಿಗಳ ಮೇಲೆ ಓದುತ್ತಿರುವುದು ನಿನಗೆ ಗೊತ್ತು. ಅದರ ಒಳಗೆ ಏನಿದೆಯೆಂದು ಹೇಳಿದ್ದಾಳೋ ಇಲ್ಲವೋ, ನನಗೆ ಮಾತ್ರ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದಳು. ಹತ್ತು ಸಾವಿರ ವರ್ಷದ ಹಿಂದೆ ಇರಾನದ ಕಡೆಯ ಬೆಟ್ಟಗಳಲ್ಲಿ ಯಾರೋ ಕಾಡಿನ ಆಡನ್ನು ಹಿಡಿದು ಕಟ್ಟಿ ಸಾಕಿದರಂತೆ. ಅಲ್ಲಿಂದ ಜನ ನಡೆದಲ್ಲೆಲ್ಲ ಆಡೂ ನಡೆಯಿತಂತೆ. ಅದಕ್ಕೇ ಒಂದು ದೇಶದ ಆಡಿನಲ್ಲಿ ಇನ್ನೊಂದು ದೇಶದ ಆಡಿನ ರಕ್ತ ಸಿಗುತ್ತದಂತೆ. ಆದರೆ ಜೀವದೊಳಗೆ ಒಂದು ಅಂಶ ಉಂಟಂತೆ, ಅದು ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ, ಹೋತ ಅದಕ್ಕೆ ಏನನ್ನೂ ಸೇರಿಸುವುದಿಲ್ಲ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಲೋಕದ ಆಡುಗಳೆಲ್ಲ ಬೆರಳೆಣಿಕೆಯ ತಾಯಂದಿರ ಮಕ್ಕಳಂತೆ. ಕೇಳುತ್ತ ಕೂತ ನನಗೆ ಅವ್ವ ನೆನಪಾದರು. ನಿಮ್ಮವ್ವ ಸಕ್ರವ್ವ ಒಂದಕ್ಷರ ಕಲಿತವರಲ್ಲ, ಆದರೆ ಹಿಂಡನ್ನು ಎಣಿಸುತ್ತಿದ್ದದ್ದು ಹೀಗೇ ಅಲ್ಲವೇ? ಇದು ಇಂಥವಳ ಮಗಳು, ಅದು ಇಂಥವಳ ಮೊಮ್ಮಗಳು ಎನ್ನುತ್ತಿದ್ದರು. ಹೋತದ ಹೆಸರು ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ.

ಪ್ರೀತಿ ಬಾಗಲಕೋಟೆ, ಬಾದಾಮಿ, ಹುನಗುಂದದ ಹಳ್ಳಿಗಳನ್ನೆಲ್ಲ ಸುತ್ತಿ ನೂರೈವತ್ತು ಆಡುಗಳ ರಕ್ತ ತೆಗೆದಿದ್ದಾಳೆ. ಇಂಥ ಕೆಲಸದಲ್ಲಿ, ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು, ತಾಯಿಬಳ್ಳಿ ಮೊದಲೇ ಗೊತ್ತಿರುವ ಕೆಲವು ಆಡುಗಳೂ ಬೇಕಂತೆ. ಅವಳು ಹುಡುಕಲು ದೂರ ಹೋಗಲಿಲ್ಲ. ನಮ್ಮ ಹಿಂಡಿನಿಂದ ಐದು, ನಿನ್ನ ಹಿಂಡಿನಿಂದ ಐದು ಆರಿಸಿಕೊಂಡಳು. ತವರಿನಿಂದ ನಿನ್ನ ತೊಟ್ಟಿಲ ಜೊತೆ ಹೋದ ಆಡಿನ ಸಂತಾನ ನಿನ್ನ ಅಂಗಳದಲ್ಲಿದೆ, ಅದರ ಅಕ್ಕತಂಗಿಯರ ಸಂತಾನ ನಮ್ಮಲ್ಲಿದೆ, ಇದಕ್ಕಿಂತ ಖಾತ್ರಿ ಬಳ್ಳಿ ಯಾವುದು ಎಂದು ಅವಳ ಎಣಿಕೆ. "ಅವ್ವ ಬ್ಯಾಡ ಅಂದಿದ್ಲು ಅತ್ತಿ, ಬ್ಯಾರೆ ಯಾರದರ ಹಿಂಡ ನೋಡು ಅಂದಿದ್ಲು. ನಾನ ಹಟಾ ಮಾಡಿದ್ನಿ," ಎಂದು ಹೇಳಿದಳು. ನೀನು ಯಾಕೆ ಬೇಡವೆಂದೆಯೋ, ಸೂಜಿ ಚುಚ್ಚುವುದು ನೋಡಲಾರೆ ಎಂದಿರಬೇಕು ಅಂದುಕೊಂಡೆ.

ಹೋದ ತಿಂಗಳು ಪರೀಕ್ಷೆಯ ಫಲ ಬಂದಿದೆ. ನಮ್ಮ ಐದೂ ಒಂದೇ ಬಳ್ಳಿ. ನಿನ್ನ ಐದೂ ಒಂದೇ ಬಳ್ಳಿ. ಆದರೆ ನಮ್ಮದು ಬೇರೆ, ನಿನ್ನದು ಬೇರೆ. ಸ್ವಲ್ಪ ಬೇರೆಯಲ್ಲ, ಸಾವಿರಾರು ವರ್ಷದ ಹಿಂದೆಯೇ ಬೇರೆಯಾದ ತಾಯಂದಿರಂತೆ. ಅವಳ ಸರ್ ಮುಖ ಗಂಟಿಕ್ಕಿದ್ದಾರೆ. ಬಾಟಲಿಗಳು ಅದಲುಬದಲಾಗಿವೆ, ಚೀಟಿ ತಪ್ಪಿ ಅಂಟಿಸಿದ್ದೀ ಎಂದಿದ್ದಾರೆ. "ಗೊತ್ತಿದ್ದದ್ದ ಹತ್ತು ತಪ್ಪಿದ್ರ ಉಳಿದ ನೂರೈವತ್ತು ಹ್ಯಾಂಗ ನಂಬೂದು ಅಂತಾರ ಅತ್ತಿ. ಎಲ್ಲಾ ಮೊದಲಿಂದ ಮಾಡು ಅಂತಾರ. ಮಾರ್ಚಿಗೆ ನನ್ನ ಅವಧಿ ಮುಗೀತೈತಿ. ನಾ ಬಾಟ್ಲಿ ಅದಲಬದಲ ಮಾಡಿಲ್ಲ. ಖರೇನ ಮಾಡಿಲ್ಲ," ಎಂದು ನನ್ನ ಸೀರೆಯ ಸೆರಗಿನಲ್ಲಿ ಮುಖವಿಟ್ಟು ಅತ್ತಳು. ಇಡೀ ದಿನ ಎಂಬತ್ತು ಕೂಸುಗಳನ್ನು ಸಮಾಧಾನ ಮಾಡುವವಳು ನಾನು. ಆ ಹುಡುಗಿಯ ಕಣ್ಣು ತಪ್ಪಿಸಿ ಚಹಾ ಇಡುವ ನೆಪದಲ್ಲಿ ಒಳಗೆ ಎದ್ದುಹೋದೆ.

ಯಾಕೆಂದರೆ ಅವಳು ತಪ್ಪು ಮಾಡಿಲ್ಲ. ಬಾಟಲಿ ಸರಿಯಾಗಿವೆ, ಚೀಟಿ ಸರಿಯಾಗಿವೆ. ಆಡು ಬೇರೆ. ನಿನ್ನ ತೊಟ್ಟಿಲ ಜೊತೆ ನಾನು ಕಳಿಸಿದ್ದು ಅವ್ವನ ಆಡಲ್ಲ, ರಮಾ. ಅಮೀನಗಡದ ಸಂತೆಯ ಆಡು.

ಬರೆದೆ. ಬರೆಯಲು ಇಪ್ಪತ್ತಮೂರು ವರ್ಷ ಹಿಡಿಯಿತು. ಬರೆದ ಮೇಲೆ ಎದ್ದು ನೀರು ಕುಡಿದು ಬಂದೆ.

ಆ ದಿನಗಳು ನಿನಗೆ ನೆನಪಿವೆ. ಮನೆಯಲ್ಲಿ ಎರಡು ಕೂಸು. ನಿನ್ನ ಪ್ರೀತಿಗೆ ಐದನೇ ತಿಂಗಳು, ನನ್ನ ಸಂಜುಗೆ ಮೂರು. ನಿಮ್ಮಣ್ಣ ಆಲಮಟ್ಟಿ ಆಣೆಕಟ್ಟಿನ ಕೆಲಸಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಹೆಣ್ಣುಮಗಳನ್ನು ಬಾಣಂತನ ಮುಗಿಸಿ ಕಳಿಸುವಾಗ ತೊಟ್ಟಿಲ ಜೊತೆ ಹಾಲಿನ ಆಡೊಂದನ್ನು ಕಳಿಸುವುದು ನಿಮ್ಮ ಮನೆಯ ಪದ್ಧತಿ. ಅವ್ವನಿಗೂ ತವರಿನಿಂದ ಹಾಗೇ ಬಂದದ್ದಂತೆ. ಆ ಬಳ್ಳಿಯ ಹೆಣ್ಣುಮರಿಯನ್ನು ಅವರು ಎಂದೂ ಮಾರಲಿಲ್ಲ, ಮರಿ ಇದ್ದಾಗಲೇ ಎಡಗಿವಿಯ ತುದಿಗೆ ಎರಡು ಕಚ್ಚು ಹಾಕಿ ಗುರುತು ಮಾಡುತ್ತಿದ್ದರು. ನಿನಗೆಂದು ಅವರು ತೆಗೆದಿಟ್ಟದ್ದು ಕರೆವ್ವ ಎಂದು ಕೂಗುತ್ತಿದ್ದ ಚೊಚ್ಚಲು ಈದ ಆಡನ್ನು. ನಿನ್ನ ಮದುವೆಯಾದ ಮೇಲೆ ಹುಟ್ಟಿದ ಆಡು ಅದು, ಅದರ ಮುಖ ನಿನಗೆ ಪರಿಚಯವಿರಲಿಲ್ಲ. ಬಾಣಂತಿಕೋಣೆಗೆ ಹಾಲಿನ ತಂಬಿಗೆ ಬರುತ್ತಿತ್ತೇ ಹೊರತು ಆಡು ಬರುತ್ತಿರಲಿಲ್ಲ.

ನಾನು ಯಾರಿಗೂ ಹೇಳದೆ ಬಚ್ಚಿಟ್ಟ ಸಂಗತಿಯೆಂದರೆ, ನನ್ನ ಎದೆಹಾಲು ಬತ್ತಿತ್ತು. ಎರಡನೇ ತಿಂಗಳಿಗೇ ಬತ್ತಿತು. ಸೊಸೆಗೆ ಹಾಲಿಲ್ಲ ಎಂದರೆ ಓಣಿಯ ಹೆಂಗಸರು ಏನೆನ್ನುತ್ತಾರೆ ಎಂಬ ನಾಚಿಕೆ. ಸಂಜು ಬದುಕಿದ್ದದ್ದು ಕರೆವ್ವನ ಹಾಲಿನ ಮೇಲೆ. ಬೇರೆ ಆಡಿನ ಹಾಲು ಕೊಟ್ಟರೆ ಕಕ್ಕುತ್ತಿದ್ದ. ನೀನು ಹೊರಡುವ ದಿನ ಹತ್ತಿರ ಬಂದಂತೆ, ಆ ಆಡು ಹೋದರೆ ಅವನಿಗೆ ಏನು ಕುಡಿಸಲಿ ಎಂದು ದಿನ ಎಣಿಸತೊಡಗಿದೆ. ನಿನಗೆ ಹೇಳಿದ್ದರೆ ನೀನೇ ಬಿಟ್ಟುಹೋಗುತ್ತಿದ್ದೆ, ಅದು ಈಗ ಗೊತ್ತಾಗುತ್ತದೆ. ಆಗ ನನಗೆ ಇಪ್ಪತ್ತು ವರ್ಷ, ಗಂಡು ಕೂಸಿನ ತಾಯಿಯೆಂಬ ಸೊಕ್ಕು ಬೇರೆ. ಹೆಣ್ಣುಕೂಸು ಹೇಗಾದರೂ ಬೆಳೆದುಕೊಳ್ಳುತ್ತದೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಈ ಮಾತನ್ನು ಬರೆಯದೆ ಬಿಡಬಹುದಿತ್ತು, ಬಿಟ್ಟರೆ ಪತ್ರವೆಲ್ಲ ಸುಳ್ಳಾಗುತ್ತದೆ.

ಆಡಿನ ವ್ಯಾಪಾರ ಮಾಡುವ ಜಾಫರಸಾಬರಿಗೆ ಎರಡು ಹೋತ ಕೊಟ್ಟು, ಬದಲಿಗೆ ಸಂತೆಯಿಂದ ಒಂದು ಕರಿ ಆಡು ತರಿಸಿದೆ. ನಮ್ಮ ಸೀಮೆಯ ಆಡೆಲ್ಲ ಕರಿಯೇ, ಯಾರಿಗೆ ತಿಳಿಯಬೇಕು? ನೀನು ಹೊರಡುವುದಕ್ಕೆ ನಾಲ್ಕು ದಿನ ಮೊದಲು ಹಿತ್ತಲಿನಲ್ಲಿ ಬ್ಲೇಡಿನಿಂದ ಅದರ ಎಡಗಿವಿಗೆ ನಾನೇ ಎರಡು ಕಚ್ಚು ಹಾಕಿದೆ. ಬೂದಿ ಒತ್ತಿ ರಕ್ತ ನಿಲ್ಲಿಸಿದೆ. ಅವ್ವನಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ಹೊರಡುವ ದಿನ ಆಡನ್ನು ತಾವು ಮಲಗುತ್ತಿದ್ದ ಹೊರಸಿನ ಹತ್ತಿರ ತರಿಸಿ ಬೆನ್ನ ಮೇಲೆ ಕೈಯಾಡಿಸಿ, "ಇದರ ಮೈ ಯಾಕ ಇಷ್ಟ ಒರಟ ಆಗೇತಿ?" ಎಂದು ಕೇಳಿದರು. "ಥಂಡಿಗೆ ಹಂಗಾಗೇತ್ರಿ ಅತ್ತಿ," ಎಂದೆ. ಅವರ ಕೈ ಕಿವಿಯ ಕಡೆ ಹೋಗುವ ಮೊದಲೇ ಹಗ್ಗ ಎಳೆದು ನಿನ್ನ ಕೈಗೆ ಕೊಟ್ಟೆ.

ಎರಡು ತಿಂಗಳಿಗೆ ನಿನ್ನ ಕಾರ್ಡು ಬಂತು. ಆಡು ಹಾಲು ಬತ್ತಿಸಿದೆ, ಹವಾ ಬದಲಾಗಿದ್ದಕ್ಕೆ ಇರಬೇಕು, ಅವ್ವನಿಗೆ ಹೇಳಬೇಡ ಎಂದು ಬರೆದಿದ್ದೆ. ಅದನ್ನು ಒಲೆಗೆ ಹಾಕಿದೆ. ಆಮೇಲೆ ಅಂಗನವಾಡಿ ಕೆಲಸ ಸಿಕ್ಕಿತು. ಪ್ರತಿ ತಿಂಗಳು ಕೂಸುಗಳನ್ನು ತೂಗಿ, ಪಟ್ಟಿಯಲ್ಲಿ ಚುಕ್ಕಿ ಇಟ್ಟು, ಗೆರೆಯ ಕೆಳಗೆ ಬಿದ್ದ ಕೂಸಿನ ತಾಯಿಯನ್ನು ಕರೆದು ಬುದ್ಧಿ ಹೇಳುವ ಕೆಲಸ. ನಾನು, ಬುದ್ಧಿ ಹೇಳುವವಳು! ಎಷ್ಟೋ ಸಲ ಪ್ರೀತಿಯ ಚುಕ್ಕಿ ಆ ವರ್ಷ ಎಲ್ಲಿ ಬೀಳುತ್ತಿತ್ತೆಂದು ಯೋಚಿಸಿ ಪೆನ್ನು ನಿಂತಿದೆ. ಅವಳು ರಕ್ತ ತೆಗೆಯಲು ಆಡಿನ ಕೊರಳು ಹಿಡಿದಾಗ ಅವಳ ಮಣಿಕಟ್ಟು ನೋಡಿದೆ, ಬಳೆ ಮೊಣಕೈವರೆಗೆ ಜಾರುತ್ತದೆ. ಇತ್ತ ಕರೆವ್ವನ ಹಾಲೆಲ್ಲ ಕುಡಿದ ನನ್ನ ಮಗರಾಯ ಈಗ ಹಾಲೆಂದರೆ ಮೂಗು ಮುರಿಯುತ್ತಾನೆ, ಚಹಾ ಕೂಡ ಕರಿದೇ ಬೇಕು.

ನೀನೋ, ಆಡು ಈದಾಗಲೆಲ್ಲ ಗಿಣ್ಣ ಮಾಡಿ ಡಬ್ಬಿಯಲ್ಲಿ ಕಳಿಸುತ್ತೀ, ತವರಿನ ಆಡಿನ ಹಾಲು ವೈನಿ, ತಿನ್ನು ಎನ್ನುತ್ತೀ. ತಿಂದಿದ್ದೇನೆ. ಡಬ್ಬಿ ತೊಳೆದು ವಾಪಸು ಕಳಿಸಿದ್ದೇನೆ.

ನಿನ್ನೆ ಜಾಫರಸಾಬರ ಮನೆಗೆ ಹೋಗಿದ್ದೆ. ಮುದುಕರಾಗಿದ್ದಾರೆ, ನೆನಪು ಮಾತ್ರ ಗಟ್ಟಿ. "ಆ ಆಡು ನಮ್ಮ ಸೀಮೀದಲ್ಲವ್ವಾ. ದೂರದಿಂದ ಹಿಂಡ ಹೊಡಕೊಂಡ ಬಂದವರು ಸಂತ್ಯಾಗ ಬಿಟ್ಟು ಹೋಗಿದ್ರು. ಎಲ್ಲಿಯವರಂತ ಅವರಿಗೇ ಗೊತ್ತಿರಲಿಲ್ಲ," ಎಂದರು. ಎಲ್ಲಿಂದ ಎಲ್ಲಿಗೋ ನಡೆದು ಬಂದ ಆಡು ನನ್ನ ಕೈಯಿಂದ ನಿನ್ನ ಅಂಗಳಕ್ಕೆ ಬಂತು. ಪ್ರೀತಿ ಹುಡುಕುತ್ತಿರುವುದು ಇಂಥದ್ದನ್ನೇ ಇರಬೇಕು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅವಳ ಸರ್‌ಗೆ ಬರೆದದ್ದು. ನಾನು ಆಡು ಬದಲಿಸಿದ ವರ್ಷ, ತಿಂಗಳು, ತಂದವರ ಹೆಸರು, ಎಲ್ಲ ಇದೆ. ಕೆಳಗೆ ನನ್ನ ಸಹಿ, ಜಾಫರಸಾಬರ ಸಹಿ. ಪರೀಕ್ಷೆ ಸರಿ, ಹುಡುಗಿ ಸರಿ, ತಪ್ಪು ಅವಳ ಅತ್ತೆಯದು ಎಂದು ಬರೆದಿದ್ದೇನೆ. ಅದನ್ನು ನೇರ ಅವಳಿಗೇ ಕಳಿಸಬಹುದಿತ್ತು. ಆದರೆ ಮಗಳ ಬಾಯಿಂದ ನೀನು ಇದನ್ನು ಕೇಳಬಾರದು ಅನಿಸಿತು. ಅವ್ವನದೆಂದು ನಿನ್ನ ಹತ್ತಿರ ಉಳಿದಿದ್ದು ಆ ಹಿಂಡೊಂದೇ, ಅದನ್ನೂ ಕಿತ್ತುಕೊಳ್ಳುತ್ತಿದ್ದೇನೆ. ಸಿಟ್ಟು ಬಂದರೆ ಈ ಪತ್ರ ಹರಿದು ಹಾಕು. ಆ ಹಾಳೆ ಹರಿಯಬೇಡ.

ನಿಮ್ಮಣ್ಣನಿಗೆ ಇನ್ನೂ ಹೇಳಿಲ್ಲ. ಬರೆದು ಮುಗಿಸಿ ಓದಿ ಹೇಳುತ್ತೇನೆ. ಸಂಕ್ರಮಣಕ್ಕೆ ಅವರು ಸಜ್ಜಿ ರೊಟ್ಟಿ, ಎಳ್ಳು ಹೋಳಿಗೆಯ ಬುಟ್ಟಿ ತರುವಾಗ ಒಂದು ಆಡನ್ನೂ ಹೊಡೆದುಕೊಂಡು ಬರಲಿ ಎಂದುಕೊಂಡಿದ್ದೇನೆ. ಕರೆವ್ವನ ಬಳ್ಳಿಯದು, ಚೊಚ್ಚಲು ಈದದ್ದು. ತೊಟ್ಟಿಲು ಮಾತ್ರ ಇಲ್ಲ. ತಗೋ ಎನ್ನಲು ನನಗೆ ಮುಖವಿಲ್ಲ, ಬೇಡವೆಂದು ತಿರುಗಿಸಿ ಕಳಿಸಿದರೆ ಆಡು ಬಂದ ದಾರಿಯಲ್ಲೇ ವಾಪಸು ಬರುತ್ತದೆ. ನನಗಂತೂ ಸಾಕಾಗಿದೆ ರಮಾ. ಇದನ್ನು ಹೊತ್ತು ನಡೆದು ಸಾಕಾಗಿದೆ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು.

ಇನ್ನೂ ವೈನಿ ಎನ್ನುವೆಯಾದರೆ, ನಿನ್ನ ವೈನಿ,
ಸಂಗವ್ವ

ತಾ.ಕ.: ಪತ್ರ ಅಂಟಿಸುವ ಮೊದಲು ನಿಮ್ಮಣ್ಣನಿಗೆ ಎಲ್ಲ ಓದಿ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಒಂದು ಮಾತು ಹೇಳಿದರು. ನೀನು ಇಲ್ಲಿಂದ ಹೋದ ಬೆನ್ನಿಗೇ ಆಲಮಟ್ಟಿಯಿಂದ ಬಂದು, ಅದೇ ವಾರ ಅವರು ನಿನ್ನನ್ನು ನೋಡಲು ಐಹೊಳೆಗೆ ಬಂದಿದ್ದರಲ್ಲ, ಆಗ ನೀನು ಅಂಗಳದಲ್ಲಿ ಆಡನ್ನು ಹಿಡಿದು ಎಡಗಿವಿಯ ಹಸಿ ಗಾಯಕ್ಕೆ ಅರಿಶಿಣ ಹಚ್ಚುತ್ತಿದ್ದೆಯಂತೆ. ಏನಾಯಿತೆಂದು ಕೇಳಿದರೆ, "ಬೇಲಿ ತಾಗೇತಿ ಅಣ್ಣಾ. ವೈನಿ ಮುಂದ ಹೇಳಬ್ಯಾಡ, ಸುಮ್ನ ಮನಸಿಗೆ ಹಚ್ಕೋತಾಳ," ಎಂದೆಯಂತೆ. ಅವರು ನಿನ್ನ ಮಾತು ಉಳಿಸಿಕೊಂಡು ಇವತ್ತಿನವರೆಗೆ ನನಗೆ ಹೇಳಿರಲಿಲ್ಲ.

ಮರಿ ಇದ್ದಾಗ ಹಾಕಿದ ಕಚ್ಚು ಯಾವುದು, ಮೊನ್ನೆ ಹಾಕಿದ್ದು ಯಾವುದು ಎಂದು ಸಕ್ರವ್ವನ ಮಗಳಿಗೆ ತಿಳಿಯುವುದಿಲ್ಲವೇ? ನಾನು ಹಗ್ಗ ಕೊಟ್ಟ ದಿನವೇ ನಿನಗೆ ತಿಳಿದಿತ್ತು. ತಿಳಿದೂ ಗಿಣ್ಣ ಕಳಿಸಿದೆ. ಪ್ರೀತಿಗೆ ಬೇರೆ ಹಿಂಡು ನೋಡು ಎಂದದ್ದೂ ಅದಕ್ಕೇ. ಇಷ್ಟು ವರ್ಷ ನಾನು ನಿನ್ನಿಂದ ಮುಚ್ಚಿಡುತ್ತಿದ್ದೇನೆ ಎಂದುಕೊಂಡಿದ್ದೆ, ನೀನು ನನ್ನನ್ನು ಮುಚ್ಚಿಟ್ಟು ಕಾಯುತ್ತಿದ್ದೆ. ಇನ್ನು ಗೊತ್ತಿಲ್ಲದವಳು ಪ್ರೀತಿ ಒಬ್ಬಳೇ. ಹಾಳೆ ಅವಳ ಕೈಗೆ ಕೊಡು.

ಸಂಕ್ರಮಣದ ದಿನ ನಿಮ್ಮಣ್ಣ ಹಗ್ಗ ಕೊಟ್ಟಾಗ ಮೊದಲು ಆಡಿನ ಎಡಗಿವಿ ಮುಟ್ಟಿ ನೋಡು. ಅದು ಮರಿ ಇದ್ದಾಗ ಹಾಕಿದ ಕಚ್ಚು.