ಖಾಲಿ ಬಿಡಬಾರದು

೧೪ ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ ೫:೪೦

ಗ್ರೂಪ್ ಥಿಯರಿ. ಇಪ್ಪತ್ತರಲ್ಲಿ ಹನ್ನೊಂದು ಸರಿ. ನಿನ್ನೆಯೂ ಹನ್ನೊಂದೇ. ಹಾಳಾಗಿ ಹೋಗಲಿ.

ಫಾರ್ಮ್ ತುಂಬಿ ಮುಗಿಸಿದೆ. ಜ್ಯಾಮ್, ಐಐಟಿ ಎಂ.ಎಸ್ಸಿ.ಯ ಪ್ರವೇಶ ಪರೀಕ್ಷೆ, ಗಣಿತ, ಐದನೇ ಸಲ. ಫೋಟೋ ಮಾತ್ರ ಹೊಸದು ಬೇಕಂತೆ. ಅಂಕೋಲೆಯ ಸ್ಟುಡಿಯೋದವನು "ಪಾಸ್‌ಪೋರ್ಟಿಗಾ ಅಕ್ಕಾ?" ಅಂದ. ಹೂಂ ಅಂದೆ. ನಿಜ ಹೇಳಿದರೆ ಸಂಜೆಯೊಳಗೆ ಹಟ್ಟಿಕೇರಿಗೆಲ್ಲ ಗೊತ್ತು — ಹರಿಶ್ಚಂದ್ರ ಮಾಸ್ತರ ಮಗಳು ಇನ್ನೂ ಅದೇ ಪರೀಕ್ಷೆ ಕಟ್ಟುತ್ತಾಳೆ ಅಂತ.

ಆಯಿ ಚಾ ಇಟ್ಟು ನಿಂತಳು.

"ಈ ಸಲನೂ ಅದೇಯಾ?"

"ಅದೇ."

"ಅದ್ರಕಿಂತ ಸಣ್ಣದು ಯಾವ್ದೂ ಇಲ್ವೇನೆ ಮಗಾ?"

ಸಿಟ್ಟು ಬರಬೇಕಿತ್ತು, ನಗು ಬಂತು. ಐಐಟಿಯಲ್ಲಿ ಎಂ.ಎಸ್ಸಿ. ಮಾಡಬೇಕು ಎಂದರೆ ಅವಳಿಗೆ ಅದೊಂದು ದೂರದ ನೆಂಟರ ಮನೆ. ಕರೆದಿಲ್ಲ, ಆದರೂ ಮಗಳು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ.

ಮೊದಲ ಸಲ ತಯಾರಿ ಇರಲಿಲ್ಲ. ಎರಡನೇ ಸಲ ಜ್ವರ. ಮೂರನೇ ಸಲ ಮೂರು ಅಂಕ ಕಡಿಮೆ. ಹೋದ ವರ್ಷ ಎರಡು. ಹೀಗೇ ಇಳಿಯುತ್ತಾ ಬಂದರೆ ಈ ಸಲ ಒಂದು ಕಡಿಮೆ ಬೀಳುತ್ತದೆ, ಆಗ ತಲೆ ಚಚ್ಚಿಕೊಳ್ಳಬಹುದು.

೧೬ ಸೆಪ್ಟೆಂಬರ್, ಮಂಗಳವಾರ

ಕಾರವಾರ ಬಸ್ಸು ಮುಕ್ಕಾಲು ತಾಸು ತಡ. ಮೊದಲ ಪಿರಿಯಡ್ ಹೋಯಿತು. ನಾನು ಗಣಿತ ಕಲಿಸುವ ಒಂಬತ್ತನೇ ಕ್ಲಾಸಿನವರು ಖುಷಿಯಲ್ಲಿ ಕುಣಿಯುತ್ತಿದ್ದರು, ನನ್ನನ್ನು ಕಂಡು ಸುಮ್ಮನಾದರು.

ಹೆಡ್‌ಮಾಸ್ಟರ್ ಅಶೋಕ ಸರ್ ಕರೆದರು. ಒಳ್ಳೆಯವರು, ಅದೇ ಕಷ್ಟ. "ವಿಜೇತಾ ಅವ್ರೆ, ನೀವು ಬಿ.ಎಡ್. ಮಾಡ್ಕಂಡ್ ಬನ್ನಿ. ನಿಮ್ಮ ಜಾಗ ನಾ ಹಿಡ್ಕಂಡಿರ್ತೆ. ಬರೂ ಜುಲೈಗೆ ಸೇರ್ಲೇಬೇಕು ಮತ್ತೆ." ಸೇರುತ್ತೇನೆ ಎಂದೆ. ಅಂದರೆ ಇದೇ ಕೊನೆ. ಸೀಟು ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಬಿ.ಎಡ್., ಆಮೇಲೆ ಅರವತ್ತು ವರ್ಷದ ತನಕ ಲ.ಸಾ.ಅ., ಮ.ಸಾ.ಅ.

ಪಾಠ ಮಾಡುವುದು ಕೆಟ್ಟದ್ದಲ್ಲ. ಅಪ್ಪ ಮೂವತ್ನಾಲ್ಕು ವರ್ಷ ಮಾಡಿದ. ಆದರೆ ನನಗೆ ಇನ್ನೊಮ್ಮೆ ಬೆಂಚಿನ ಮೇಲೆ ಕೂರಬೇಕು. ನನಗಿಂತ ಜಾಸ್ತಿ ಗೊತ್ತಿದ್ದವರ ಎದುರು. ಸರ್, ಇದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಕೇಳಬೇಕು. ನಾಲ್ಕು ವರ್ಷದಿಂದ ಆ ಮಾತು ಬರೀ ಕೇಳಿಸಿಕೊಂಡಿದ್ದೇನೆ, ಆಡಿಲ್ಲ.

ನಿತೇಶ ಬೋರ್ಡಿನ ಫೋಟೋ ಕಳಿಸಿದ್ದಾನೆ. ಗುವಾಹಟಿ ಐಐಟಿಯ ಅವನ ಕ್ಲಾಸ್‌ರೂಮು. ವಾರಕ್ಕೊಂದು ಕಳಿಸುತ್ತಾನೆ. ಡಿಗ್ರಿ ಮುಗಿದ ಮೇಲೆ ಕಾರವಾರದ ಲೈಬ್ರರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ನನಗೆ ಮೂರು ಅಂಕ ಕಡಿಮೆ ಬಿದ್ದ ವರ್ಷ ಅವನಿಗೆ ಸೀಟು ಸಿಕ್ಕಿತು. ಬಸ್ಸಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರನೇ ಸಾಲಿನಲ್ಲಿ ಪ್ರೊಫೆಸರು ಏನೋ ತಪ್ಪು ಬರೆದು ಅಂಗೈಯಲ್ಲೇ ಒರೆಸಿದ್ದಾರೆ. ಅಲ್ಲಿದ್ದರೆ ಆ ತಪ್ಪು ಮೊದಲು ನಾನೇ ಹಿಡಿಯುತ್ತಿದ್ದೆ. ಬಿಣಗಾ ದಾಟಿದ್ದು ಗೊತ್ತಾಗಲಿಲ್ಲ.

ನನಗೆ ಆಸೆ ಅವನ ಮೇಲೋ ಅವನ ಬೆಂಚಿನ ಮೇಲೋ... ಎರಡೂ. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

೫ ಅಕ್ಟೋಬರ್, ಭಾನುವಾರ. ಮಧ್ಯಾಹ್ನ

ಇವತ್ತು ಒಂದು ಕೆಲಸ ಮಾಡಿದೆ. ಮೊದಲೇ ಮಾಡಬೇಕಿತ್ತು. ಧೈರ್ಯ ಇರಲಿಲ್ಲ.

ಹಳೆಯ ಉತ್ತರದ ಹಾಳೆಗಳನ್ನೆಲ್ಲ ಡೌನ್‌ಲೋಡ್ ಮಾಡಿ ಒಂದೊಂದಾಗಿ ನೋಡಿದೆ. ಹೋದ ವರ್ಷದ್ದು: ಗೊತ್ತಿಲ್ಲದೆ ಊಹೆಯಲ್ಲಿ ಮೌಸ್ ಒತ್ತಿದ್ದು ಹದಿನಾಲ್ಕು. ಎರಡು ಸರಿ, ಹನ್ನೆರಡು ತಪ್ಪು. ಸರಿಯಾದದ್ದಕ್ಕೆ ನಾಲ್ಕು ಅಂಕ ಬಂತು, ತಪ್ಪಾದದ್ದಕ್ಕೆ ಎಂಟು ಕಳೆದರು. ಸುಮ್ಮನೆ ಕೂತಿದ್ದರೆ ನಾಲ್ಕು ಅಂಕ ಮೇಲಿರುತ್ತಿದ್ದೆ. ಸೀಟು ತಪ್ಪಿದ್ದು ಎರಡರಲ್ಲಿ.

ಅದರ ಹಿಂದಿನ ವರ್ಷವೂ ಹಾಗೇ. ಮೂರು ಸಲ ಲೆಕ್ಕ ಮಾಡಿದೆ.

ನೆಗೆಟಿವ್ ಮಾರ್ಕು ಇದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಂಡವರಿಗೆಲ್ಲ ಹೇಳುತ್ತೇನೆ. ಆದರೆ ಕೈ ಕೇಳುವುದಿಲ್ಲ. ನಾನು ಹರಿಶ್ಚಂದ್ರ ಮಾಸ್ತರ ಮಗಳು. ಪ್ರಶ್ನೆಯನ್ನು ಖಾಲಿ ಬಿಡಬಾರದು, ಏನಾದರೂ ಬರಿ, ಬರೆದವನಿಗೆ ಒಂದು ಮಾರ್ಕಾದರೂ ಬಿದ್ದೀತು. ಅಪ್ಪನ ಶಾಲೆಯಲ್ಲಿ ಇದು ಪ್ರಾರ್ಥನೆಗಿಂತ ದೊಡ್ಡದು. ಯಾರಾದರೂ ಖಾಲಿ ಬಿಟ್ಟರೆ ಪೇಪರನ್ನು ಎತ್ತಿ ಹಿಡಿದು ಕೇಳುತ್ತಿದ್ದ: "ಈ ಜಾಗ ಯಾರಿಗ್ ಬಿಟ್ಟಿದ್ಯಾ? ನಿನ್ನಜ್ಜ ಬಂದ್ ಬರೆಯೂಕಾ?" ಮೂರನೇ ಇಯತ್ತೆಯಲ್ಲಿ ನನ್ನ ಪೇಪರನ್ನೂ ಎತ್ತಿ ಹಿಡಿದಿದ್ದ. ಕ್ಲಾಸೆಲ್ಲ ನಕ್ಕಿತು. ಆಮೇಲೆ ನಾನು ಯಾವತ್ತೂ ಏನನ್ನೂ ಖಾಲಿ ಬಿಟ್ಟಿಲ್ಲ.

ಪ್ರತಿ ಸಲ ಪರೀಕ್ಷೆಗೆ ಹುಬ್ಬಳ್ಳಿ ಬಸ್ಸು ಹತ್ತಿಸುವಾಗಲೂ ಅಪ್ಪ ಅದೇ ಹೇಳುತ್ತಾನೆ. ಇದನ್ನು ಅವನಿಗೆ ಹೇಳಲಾರೆ.

೯ ನವೆಂಬರ್

ತಿಂಗಳಿಂದ ಬರೆದಿಲ್ಲ. ಬರೆಯಲು ಏನಿದೆ? ಬಿಡುವುದನ್ನು ಕಲಿಯುತ್ತಿದ್ದೇನೆ. ಮಾಕ್ ಟೆಸ್ಟಿನಲ್ಲಿ ಎಂಟು ಬಿಡಬೇಕು ಎಂದು ಕೂತೆ. ಕೊನೆಯ ಐದು ನಿಮಿಷದಲ್ಲಿ ಎಂಟಕ್ಕೂ ಒತ್ತಿದ್ದೇನೆ. ಏಳು ತಪ್ಪು. ಪೆನ್ನು ಗೋಡೆಗೆ ಎಸೆದೆ. ಆಯಿ ಒಳಗಿಂದ "ಹಲ್ಲಿಯೇನೆ?" ಅಂದಳು.

೨೩ ನವೆಂಬರ್, ಭಾನುವಾರ

ಅಪ್ಪನಿಗೆ ಗೊತ್ತಾಯಿತು.

ಪ್ರಿಂಟ್ ತೆಗೆದ ಮಾಕ್ ಟೆಸ್ಟಿನ ಹಾಳೆ ಮೇಜಿನ ಮೇಲೇ ಇತ್ತು. ಏಳು ಕಡೆ ಬಿಟ್ಟಿದ್ದೆ, ಮೊದಲ ಸಲ. ಎತ್ತಿಕೊಂಡು ಬಂದು ಕನ್ನಡಕದ ಮೇಲಿಂದ ನೋಡಿದ.

"ಇದೆಂತದೇ? ಏಳು ಖಾಲಿ! ಇಷ್ಟ್ ಓದಿ ಇದನ್ನೇ ಕಲ್ತದ್ದಾ?"

ಸುಮ್ಮನಿರಬಹುದಿತ್ತು. ನನ್ನ ಬಾಯಿ! "ನಿನ್ನ ಮಾತ್ ಕೇಳೇ ನಾ ನಾಕ್ ವರ್ಷ ಇಲ್ಲೇ ಕೂತದ್ದು ಅಪ್ಪಾ" ಅಂದುಬಿಟ್ಟೆ. ಅಂದ ಮೇಲೆ ನಿಲ್ಲಲಿಲ್ಲ. ಹಾಳೆಗಳನ್ನೆಲ್ಲ ತಂದು ಅವನ ಮುಂದೆ ಹರಡಿದೆ. ಇಷ್ಟು ಬಂತು, ಇಷ್ಟು ಕಳೆದರು, ಇಷ್ಟರಲ್ಲಿ ಸೀಟು ಹೋಯಿತು. ಆಯಿ "ಸಾಕೇ, ಸಾಕು" ಎನ್ನುತ್ತಿದ್ದಳು.

ಅಪ್ಪ ಛತ್ರಿ ತೆಗೆದುಕೊಂಡು ಗದ್ದೆಯ ಕಡೆ ಹೋದ. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಯಾಕೆ ಹೇಳಿದೆನೋ.

೨೪ ನವೆಂಬರ್, ಸೋಮವಾರ. ಸಂಜೆ

ಶಾಲೆಯಿಂದ ಬಂದರೆ ಅಪ್ಪ ಜಗುಲಿಯಲ್ಲಿ ನನ್ನ ಹಾಳೆಗಳನ್ನು ಇಟ್ಟುಕೊಂಡು ಕೂತಿದ್ದ. ಬದಿಯಲ್ಲಿ ಅವನದೇ ಗುಂಡು ಅಕ್ಷರದಲ್ಲಿ ಕೂಡಿಸಿ ಕಳೆದ ಲೆಕ್ಕ. ಎಲ್ಲ ಸರಿ ಇತ್ತು.

"ಬಡ ಮಕ್ಕಳು ವಿಜೂ. ಏನಾದ್ರೂ ಬರ್ದ್ರೆ ಮೂವತ್ತೈದಾದ್ರೂ ಬಿದ್ದು ಪಾಸಾಗ್ತಿದ್ರು. ಅದ್ಕೇ ಹಾಂಗ್ ಹೇಳ್ತಿದ್ದೆ. ಅವ್ರಿಗೆ ಅಷ್ಟು ಸಾಕಾಗಿತ್ತು. ನಿಂಗೆ ಸಾಲ್ಲಿಲ್ಲ."

"ತಪ್ಪು ನಿಂದಲ್ಲ ಅಪ್ಪಾ. ಒತ್ತಿದ್ದು ನಾನು."

"ಒತ್ತಿದ್ದು ನೀನೇ. ಕಲ್ಸಿದ್ದು ಯಾರು?"

ಹಾಳೆಗಳನ್ನು ಒಟ್ಟು ಮಾಡಿ ನನ್ನ ಕೈಗಿಟ್ಟ. ಆಮೇಲೆ ಕೇಳಿದ: "ಮತ್ತೆ ಯಾವಾಗ ಆ ಮಾಕು?"

೧೪ ಡಿಸೆಂಬರ್, ಭಾನುವಾರ

ಈಗ ಪ್ರತಿ ಭಾನುವಾರ ಹೀಗೆ. ನಾನು ಲ್ಯಾಪ್‌ಟಾಪಿನ ಮುಂದೆ, ಅಪ್ಪ ಪಕ್ಕದಲ್ಲಿ ವಾಚು ಹಿಡಿದು. ಲೆಕ್ಕ ಅವನಿಗೆ ತಿಳಿಯುವುದಿಲ್ಲ. ನನ್ನ ಮುಖ ತಿಳಿಯುತ್ತದೆ. ಎರಡು ಉತ್ತರದ ನಡುವೆ ಓಲಾಡುತ್ತಾ ತುಟಿ ಕಚ್ಚಿದೆನೋ, ಮೇಜು ಕುಟ್ಟುತ್ತಾನೆ. "ಬಿಡು. ಮುಂದ್ ಹೋಗು."

ಹೇಳುವಾಗ ಅವನಿಗೇ ಕಷ್ಟ. ಬಾಯಿಗೆ ಕಹಿ ಔಷಧಿ ಹಾಕಿದ ಹಾಗೆ ಮುಖ ಮಾಡುತ್ತಾನೆ. ಇವತ್ತು ಆರು ಬಿಟ್ಟೆ. ಅಂಕ ಇದುವರೆಗಿನದರಲ್ಲಿ ಎಲ್ಲಕ್ಕಿಂತ ಜಾಸ್ತಿ. ಆಯಿ ಬಂಗಡೆ ಹುರಿದಿದ್ದಳು, ಅಪ್ಪ ತನ್ನ ಪಾಲಿನದೂ ನನ್ನ ತಟ್ಟೆಗೆ ಹಾಕಿದ.

೧೧ ಜನವರಿ

ನಿತೇಶನ ಫೋಟೋ ಬಂದು ಐದು ವಾರ. ಕೊನೆಯ ಸೆಮಿಸ್ಟರ್, ಕೆಲಸ ಇರುತ್ತದೆ. ಇರಲಿ. ನಾನಾಗಿ ಕೇಳುವುದಿಲ್ಲ.

೧೮ ಜನವರಿ

ಸೋಮವಾರವೇ ಕೇಳಿಬಿಟ್ಟೆ. "ಬೋರ್ಡು ಎಲ್ಲಿ?" ಸಂಜೆ ಉತ್ತರ ಬಂತು: "ಕ್ಲಾಸೆಲ್ಲ ಮುಗೀತು ಮಾರಾಯ್ತಿ, ಬರೀ ಪ್ರಾಜೆಕ್ಟು. ಮೇ ತಿಂಗ್ಳಲ್ಲಿ ಊರಿಗೆ ಬರ್ತೆ, ಅಲ್ಲೇ ಪಿಯು ಕಾಲೇಜಲ್ಲಿ ಕೆಲ್ಸ ನೋಡ್ತೆ. ಇಲ್ಲಿದ್ದದ್ದು ಸಾಕಾಯ್ತು."

ಸಾಕಾಯ್ತಂತೆ. ಶನಿವಾರ ಲೈಬ್ರರಿಗೆ ಹೋದಾಗ ನಮ್ಮ ಬೆಂಚಿನಲ್ಲಿ ಯಾರೋ ಇಬ್ಬರು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದರು. ನಾನು ಕಿಟಕಿಯ ಬದಿಯಲ್ಲಿ ಕೂತೆ. ನಾನು ಗುವಾಹಟಿ ಸೇರುವಾಗ ಅವನು ಊರಿಗೆ ಬಂದಿರುತ್ತಾನೆ. ಅವನು ಅಲ್ಲಿ ಇಲ್ಲದಿದ್ದರೂ ನನಗೆ ಆ ಕ್ಲಾಸ್‌ರೂಮು ಬೇಕೇ? ಬಸ್ಸಿಳಿಯುವ ತನಕ ಇದನ್ನೇ ಕೇಳಿಕೊಂಡೆ. ಬೇಕು. ಮೊದಲಿನಷ್ಟೇ ಬೇಕು. ಸಮಾಧಾನವೂ ಆಯಿತು, ಅಳುವೂ ಬಂತು.

೧೪ ಫೆಬ್ರವರಿ, ಶನಿವಾರ. ಹುಬ್ಬಳ್ಳಿ, ಲಾಡ್ಜು

ಈ ಸಲ ಅಪ್ಪನೂ ಬಂದಿದ್ದಾನೆ. ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾದೆವು. ಘಟ್ಟ ಹತ್ತುವಾಗ ಕೇಳಿದ: "ಎಷ್ಟ್ ಬಿಡ್ತೀಯೇ?"

"ಬಾರದ್ದೆಲ್ಲ."

"ಹಾಂ." ಕಿಟಕಿಯ ಗಾಜು ಎಳೆದು, "ಬರೂದನ್ನ ಬಿಡ್ಬೇಡ ಮತ್ತೆ."

೧೫ ಫೆಬ್ರವರಿ, ಭಾನುವಾರ

ಒಂಬತ್ತು ಬಿಟ್ಟೆ.

ಕೊನೆಯ ಹತ್ತು ನಿಮಿಷ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಿಜವಾಗಿ. ಮೇಲ್ವಿಚಾರಕಿ ಬಂದು "ಏನಾಯ್ತ್ರೀ?" ಎಂದು ಕೇಳಿದರು. ಚಳಿ ಎಂದೆ. ಹುಬ್ಬಳ್ಳಿಯ ಬಿಸಿಲಿನಲ್ಲಿ!

ಹೊರಗೆ ಅಪ್ಪ ಅವಲಕ್ಕಿ ಡಬ್ಬಿ ಹಿಡಿದು ನಿಂತಿದ್ದ. ಹೇಗಾಯಿತು ಎಂದು ಕೇಳಲಿಲ್ಲ. "ತಿನ್ನು" ಅಂದ.

೨೧ ಮಾರ್ಚ್

ರ‍್ಯಾಂಕ್ ಬಂತು. ಇದುವರೆಗಿನದರಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಸಾಲುತ್ತದೋ ಇಲ್ಲವೋ, ಗಡಿಯಲ್ಲಿದೆ. ಪ್ರವೇಶದ ಎಲ್ಲ ಪಟ್ಟಿಗಳೂ ಬರುವ ತನಕ ಕಾಯಬೇಕು. ಈ ಗಡಿ ನನ್ನನ್ನು ಯಾವಾಗ ಬಿಡುತ್ತದೋ.

೨೮ ಮೇ

ಮೊದಲ ಪಟ್ಟಿ. ಇಲ್ಲ.

ನಿತೇಶ ಬಂದಿದ್ದಾನೆ. ಅಂಕೋಲೆ ಸ್ಟ್ಯಾಂಡಿನಲ್ಲಿ ಸಿಕ್ಕ. ದಪ್ಪಗಾಗಿದ್ದಾನೆ. "ಬರ್ತದೆ, ಬರ್ತದೆ" ಅಂದ. ಅವನ ಬ್ಯಾಗಿನಲ್ಲಿ ಪಿಯು ಗೈಡ್ ಇತ್ತು. ಆ ಬೋರ್ಡಿನ ಬಗ್ಗೆ ಎಷ್ಟೋ ಕೇಳಬೇಕು ಎಂದುಕೊಂಡಿದ್ದೆ. ಬಸ್ಸು ಬಂತು, ಹತ್ತಿದ.

೧೨ ಜೂನ್

ಎರಡನೇ ಪಟ್ಟಿ. ಇಲ್ಲ.

೧ ಜುಲೈ, ಬುಧವಾರ

ಕಾರವಾರ. ಬಿ.ಎಡ್. ಕಾಲೇಜಿನ ಆಫೀಸು. ಮುಂದೆ ನಾಲ್ಕು ಜನ, ಹಿಂದೆ ಹತ್ತು ಜನ. ಮಳೆಯಲ್ಲಿ ಎಲ್ಲರ ಛತ್ರಿ ಸೋರಿ ನೆಲವೆಲ್ಲ ನೀರು. ನನ್ನ ಸರದಿ ಬಂತು. ಕ್ಲರ್ಕ್ ನಾಗಮ್ಮ ಕೈ ಚಾಚಿದರು. "ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಿ ಮಗಾ."

ಬ್ಯಾಗಿನಲ್ಲೇ ಇದ್ದವು. ಪ್ಲಾಸ್ಟಿಕ್ ಕವರಿನಲ್ಲಿ, ಆಯಿ ಬೆಳಿಗ್ಗೆ ತಾನೇ ಇಟ್ಟಿದ್ದಳು. ಒಮ್ಮೆ ಕೊಟ್ಟರೆ ಕೋರ್ಸು ಮುಗಿಯುವ ತನಕ ವಾಪಸ್ಸಿಲ್ಲ, ಐಐಟಿಯ ಕೊನೆಯ ಪಟ್ಟಿ ನಾಡಿದ್ದು.

"ಮನೇಲೇ ಬಿಟ್ ಬಂದೆ" ಅಂದೆ.

"ಅಯ್ಯೋ, ಇಷ್ಟ್ ದೂರ ಬಂದು! ಶನಿವಾರ ಕಡೇ ದಿವ್ಸ, ಮರೀಬೇಡಿ."

ಸುಳ್ಳು ಹೇಳಿ ಬಸ್ಸು ಹತ್ತಿದೆ. ಅರ್ಗಾದ ತನಕ ಬ್ಯಾಗನ್ನು ತೊಡೆಯ ಮೇಲೆ ಅವಚಿ ಹಿಡಿದು ಕೂತೆ. ಇಪ್ಪತ್ತಾರು ವರ್ಷದವಳು, ನಾಲ್ಕು ಕ್ಲಾಸಿನ ಟೀಚರು, ಒಂದು ಹಾಳೆ ಕೊಡಲಾರದೆ ಓಡಿ ಬಂದಿದ್ದೇನೆ. ಕೊಡುವುದಕ್ಕೆ ಆಗಲಿಲ್ಲ. ಇಷ್ಟು ಬೇಕು ಎಂದು ಬೇಡುವುದು ನಾಚಿಕೆಗೇಡು ಎನ್ನಿಸಿತು, ಆದರೂ ಬೇಡುತ್ತಿದ್ದೇನೆ. ದೇವರನ್ನೋ ಯಾರನ್ನೋ.

೩ ಜುಲೈ, ಶುಕ್ರವಾರ. ಸಂಜೆ ೫:೧೦

ಬಂತು.

ನಾಲ್ಕೂವರೆಗೆ ಬಂತು. ಗುವಾಹಟಿ. ಮೊದಲು ಬೇರೆ ಯಾರದೋ ಎಂದುಕೊಂಡೆ. ಪೇಜು ಮುಚ್ಚಿ ತೆಗೆದೆ. ನನ್ನದೇ.

ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಜಗುಲಿಗೆ ಹೋಗಿ ಅಪ್ಪನ ತೊಡೆಯ ಮೇಲಿಟ್ಟೆ. ಕನ್ನಡಕ ಹುಡುಕಿದ, ತಲೆಯ ಮೇಲೇ ಇತ್ತು. ಇಂಗ್ಲಿಷನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ನನ್ನ ಹೆಸರು ಬಂದಲ್ಲಿ ನಿಂತ. ಬೆನ್ನು ನೆಟ್ಟಗೆ ಮಾಡಿ, ಶಾಲೆಯ ದನಿಯಲ್ಲಿ, ಹಾಜರಿ ಕರೆದ ಹಾಗೆ ಕರೆದ:

"ವಿಜೇತಾ ಹರಿಶ್ಚಂದ್ರ ನಾಯಕ."

ತಲೆಯೆತ್ತಿ ನನ್ನನ್ನೇ ನೋಡುತ್ತಾ ಕಾದ. ಎದ್ದು ನಿಂತೆ. ಕೈ ಕಟ್ಟಿದೆ.

"ಹಾಜರ್ ಸರ್" ಅಂದೆ. ಅಪ್ಪ ಹೂಂ ಎಂದು ತಲೆಯಾಡಿಸಿ, ಮುಂದಿನ ಹೆಸರು ಕರೆಯುವವನ ಹಾಗೆ ಪರದೆಯ ಮೇಲೆ ಬೆರಳು ಸರಿಸಿದ. ಅಲ್ಲಿ ಇನ್ಯಾರ ಹೆಸರೂ ಇರಲಿಲ್ಲ. ಬೆರಳು ಮತ್ತೆ ನನ್ನ ಹೆಸರಿಗೇ ಬಂತು, ಅಲ್ಲೇ ನಿಂತಿತು, ಮತ್ತೆ ನಾನು ಹಾಜರ್ ಅಂದೆ.