ಮಲ್ಲಿಗೆ ಬುಡದ ಹಸಿ ಮಣ್ಣು

ಕೋಟೇಶ್ವರ
೧೮ ನವೆಂಬರ್ ೨೦೨೪

ಸ್ವಾತಿಯ ಅಪ್ಪಯ್ಯನಿಗೆ,

ವನಜ ಬರೆಯುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟು ಹಾಕಬೇಡಿ. ಫೋನ್ ಮಾಡಿದರೆ ನೀವು ‘ಹ್ಞೂಂ’ ಎಂದು ಇಟ್ಟುಬಿಡುತ್ತೀರಿ. ಒಂದು ಕೆಲಸ ಆಗಬೇಕಿತ್ತು, ಅದಕ್ಕೆ ಬರೆದದ್ದು. ಬೇರೆ ಏನೂ ಇಲ್ಲ.

ಮಳೆಗಾಲದ ಮೊದಲು ಬೈಂದೂರಿನ ಮನೆಯಿಂದ ಹೊರಡುವಾಗ ಬಾವಿಯ ಹತ್ತಿರದ ಮಲ್ಲಿಗೆಯಿಂದ ಒಂದಷ್ಟು ಗೆಲ್ಲು ಕತ್ತರಿಸಿ ತಂದಿದ್ದೆ. ಇಲ್ಲಿ ಬಾಡಿಗೆ ಕೋಣೆಯ ಎದುರಿನ ತಾರಸಿಯಲ್ಲಿ ಮಣ್ಣಿನ ಚಟ್ಟಿಗಳಲ್ಲಿ ಊರಿದೆ. ಹೂ ಕಟ್ಟಿ ಮಾರಿ ಬದುಕುತ್ತೇನೆ, ಯಾರ ಹಂಗೂ ಬೇಡ ಎಂಬ ಜಂಬ ನನ್ನದು. ಮಣ್ಣಿನಲ್ಲಿ ಗೆದ್ದಲಿತ್ತು. ಅತ್ತೆ ಮಾಡುತ್ತಿದ್ದ ಹಾಗೆ ತರಗೆಲೆ, ತೆಂಗಿನ ಸಿಪ್ಪೆ ಒಟ್ಟಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡಿದೆ. ಅತ್ತೆಯಾದರೆ ಅದನ್ನು ಹಸಿ ಮಣ್ಣಿನ ಮೇಲೆ ಒಂದು ಬುಟ್ಟಿ ಹರಡುತ್ತಿದ್ದರು. ನಾನು ಚಟ್ಟಿ ತುಂಬ ಬರೀ ಅದನ್ನೇ ತುಂಬಿದೆ, ಅದೂ ಮತ್ತೆ ಮತ್ತೆ ಸುಟ್ಟು.

ಬೇರು ಬಂತು, ಆಮೇಲೆ ಗಿಡ ನಿಂತಲ್ಲೇ ನಿಂತಿತು. ಎಲೆಯೆಲ್ಲ ಮಂಕಾಗಿ ನೇರಳೆಗೆ ತಿರುಗಿತು. ಕಡ್ಲೆ ಹಿಂಡಿ ನೆನೆಸಿ ಹಾಕಿದರೂ ಅಷ್ಟೇ. ಕಡೆಗೆ ಒಂದು ಚಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಬ್ರಹ್ಮಾವರದ ಕೃಷಿ ಕೇಂದ್ರಕ್ಕೆ ಹೋದೆ. ಅಲ್ಲಿ ಮೋಕ್ಷಿತಾ ಎಂಬ ಹುಡುಗಿ ಕೆಲಸಕ್ಕಿದ್ದಾಳೆ. ಬೇರು ನೋಡಿದವಳೇ, “ಎಂತಕ್ಕಮ್ಮ ಇಷ್ಟ್ ಸುಟ್ಟದ್ದ್? ಮಣ್ಣೊಳ್ಗ್ ಇಪ್ಪ ಜೀವ ಎಲ್ಲ ಸತ್ತ್ ಹೋಯ್ತಲ್ದಾ!” ಎಂದಳು.

ಮಣ್ಣಿನಲ್ಲಿ ಒಂದು ಜಾತಿಯ ಶಿಲೀಂಧ್ರ ಇರುತ್ತದಂತೆ. ಅದು ಬೇರಿನ ಒಳಗೇ ಸೇರಿಕೊಂಡು, ಕೂದಲಿಗಿಂತ ತೆಳುವಾದ ಎಳೆಗಳನ್ನು ಹೊರಗೆ ಬಿಡುತ್ತದೆ. ಬೇರಿಗೆ ಎಟುಕದ ದೂರದಿಂದ ರಂಜಕ ಎಂಬ ಗೊಬ್ಬರದ ಸಾರ, ನೀರು ಎಲ್ಲ ಎಳೆದು ತಂದು ಗಿಡಕ್ಕೆ ಕೊಡುತ್ತದೆ. ಗಿಡ ಬಿಸಿಲಿನಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಅದಕ್ಕೊಂದು ಪಾಲು ಕೊಡುತ್ತದೆ. ನನ್ನ ಚಟ್ಟಿಯಲ್ಲಿ ಗೊಬ್ಬರ ಇತ್ತು, ತಂದುಕೊಡುವವರು ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂತು. ಪಕ್ಕದವಳು ಗಿಡ ಸೊರಗಿದ್ದಕ್ಕೆ ಅಂದುಕೊಂಡಿರಬೇಕು.

ನಾನು ಇಲ್ಲಿರುವ ನನ್ನ ಅಕ್ಕನ ಆರೈಕೆಗೆ ಬಂದದ್ದು ಎಂದು ಊರಿಗೆಲ್ಲ ಹೇಳಿದ್ದೀರಂತೆ. ಸುಳ್ಳು. ಸಿಟ್ಟಿನಲ್ಲೇ ಬಂದೆ. ಸ್ವಾತಿ ಮದುವೆಯಾಗಿ ಹೋದ ಮೇಲೆ ನಿಮ್ಮ ಬಾಯಿಗೆ ಬೀಗ ಬಿತ್ತು. ಮೀನಿನ ಏಲಂನವರ ಜೊತೆ ಫೋನಿನಲ್ಲಿ ನಗುತ್ತೀರಿ, ಒಳಗೆ ಬಂದರೆ ಮೌನ. ಆ ದಿನ “ನಾ ಇಲ್ಲ್ ಇಪ್ಪುದ್ ನಿಮ್ಗ್ ಕಾಣ್ತಾ?” ಎಂದು ಕೇಳಿದೆ. ನೀವು “ಊಟಕ್ಕ್ ಹಾಕ್” ಎಂದಿರಿ. ಹಾಕಿದೆ, ಪಾತ್ರೆ ತೊಳೆದೆ, ಹೊರಟೆ.

ಇಲ್ಲಿ ಆರಾಮಾಗಿದ್ದೇನೆ. ಒಬ್ಬಳಿಗೆಷ್ಟು ಬಂಗುಡೆ ತರಬೇಕು ಎನ್ನುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಸಾರು ಯಾವಾಗಲೂ ಉಳಿಯುತ್ತದೆ. ಸಂಜೆ ಕೆಲವೊಮ್ಮೆ ಸುಮ್ಮನೆ ಬಾಗಿಲು ತೆರೆದು ಕೂರುತ್ತೇನೆ.

ವಿಷಯ ಇಷ್ಟೇ. ಬಾವಿಯ ಹತ್ತಿರದ ಹಳೇ ಮಲ್ಲಿಗೆಯ ಬುಡದಿಂದ, ಸಣ್ಣ ಬೇರುಗಳ ಸಮೇತ, ಒಂದಷ್ಟು ಹಸಿ ಮಣ್ಣು ಬೇಕು. ಅದನ್ನು ಬೆರೆಸಿದರೆ ನನ್ನ ಗಿಡಗಳು ಬದುಕುತ್ತವೆ. ಒದ್ದೆ ಗೋಣಿಯಲ್ಲಿ ಸುತ್ತಬೇಕು, ಬಿಸಿಲಿಗೆ ಒಣಗಬಾರದು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರೆ ಎಂಜಿನಿನ ಹತ್ತಿರ ಎಸೆದಿಡುತ್ತಾನೆ. ಬೇರೆಯವರನ್ನು ನಂಬುವಂತಿಲ್ಲ.

ಬಿಪಿ ಮಾತ್ರೆ ತಪ್ಪಿಸಬೇಡಿ.

ಈಗಲೂ ಸಿಟ್ಟಿನಲ್ಲೇ ಇರುವ,
ವನಜ

ತಾ.ಕ.: ಮೋಕ್ಷಿತಾ ಅವತ್ತೇ ಆ ಶಿಲೀಂಧ್ರದ ಪುಡಿಯ ಪ್ಯಾಕೆಟ್ ಕೊಟ್ಟಿದ್ದಳು. ಬುಡಕ್ಕೆ ಹಾಕಿ ಎರಡು ತಿಂಗಳಾಯಿತು. ಗಿಡಗಳೆಲ್ಲ ಚಿಗುರಿ ಮೊಗ್ಗು ಬಿಟ್ಟಿವೆ. ಆದರೂ ಮಣ್ಣು ತನ್ನಿ. ಮಣ್ಣು ಮರೆತರೂ ಬನ್ನಿ.